ರಾಶಿಯ ಒಳಗಿನ ಒದ್ದೆ ಹೇಳುವವರಿಗೆ ಬಾಗಿಲು ಎಲ್ಲಿದೆ?

ಮಾನ್ಯ ಸಂಪಾದಕರೇ,

ಶರಿಯಾ ಪ್ರಕಾರ ನಡೆಯುವ ಕಂಪನಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹ ಹೆಚ್ಚಾಗಿ ಬಡ್ಡಿ ಇಲ್ಲದ ಸಾಲ, ಹಲಾಲ್ ಹೂಡಿಕೆ, ಲಾಭದ ಹಂಚಿಕೆ ಇಷ್ಟರಲ್ಲೇ ಮುಗಿಯುತ್ತದೆ. ಅಂಥ ಕಂಪನಿಯ ಒಳಗೆ ಕೂತು ಕೆಲಸ ಮಾಡುವವರು ಒಂದು ತಪ್ಪು ಕಂಡರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಅವರ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಇಂಥದ್ದೇ ಒಂದು ಸಂಸ್ಥೆಯಲ್ಲಿ ಒಳ ಲೆಕ್ಕಪರಿಶೋಧನೆ ವಿಭಾಗದಲ್ಲಿದ್ದೆ. ಸಂಸ್ಥೆಯ ಹೆಸರು ಬೇಡ. ಗ್ರಾಹಕರು ಕಂತು ತಡ ಮಾಡಿದರೆ ಹಾಕುವ ದಂಡದ ಹಣ ಕಂಪನಿಯ ಆದಾಯಕ್ಕೆ ಸೇರಬಾರದು, ದಾನಕ್ಕೆ ಹೋಗಬೇಕು. ತಡದಿಂದ ನಿಜವಾಗಿ ಆದ ನಷ್ಟದಷ್ಟನ್ನು ಮಾತ್ರ ಕಂಪನಿ ಇಟ್ಟುಕೊಳ್ಳಬಹುದು. ಮೊದಲನೆಯದಕ್ಕೆ ಗರಾಮಾ, ಎರಡನೆಯದಕ್ಕೆ ತಾವಿದ್ ಎಂದು ಹೆಸರು. ಈ ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆಯಬೇಕು. ಲೆಕ್ಕ ವಿಭಾಗದ ಒಬ್ಬ ಹುಡುಗ ಒಂದು ದಿನ ಊಟದ ಹೊತ್ತಿಗೆ ಬಂದು, ಸಾರ್, ಹಲವು ತಿಂಗಳಿಂದ ಎರಡೂ ಒಂದೇ ಕಡೆ ಹೋಗ್ತಿವೆ, ದಾನದ ಖಾತೆ ಖಾಲಿ ಇದೆ, ಕೇಳಿದರೆ ಮುಂದಿನ ತ್ರೈಮಾಸಿಕದಲ್ಲಿ ಸರಿ ಮಾಡೋಣ ಅಂತಾರೆ, ನಾನು ಯಾರಿಗೆ ಹೇಳಲಿ ಎಂದ.

ನಾವಿಬ್ಬರೂ ಸೇರಿ ಕಂಪನಿಯ ವೆಬ್‌ಸೈಟ್ ತೆರೆದೆವು, ವಾರ್ಷಿಕ ವರದಿ ತೆರೆದೆವು. ಅದರಲ್ಲಿ ವಿಷಲ್‌ಬ್ಲೋವಿಂಗ್ ಬಗ್ಗೆ, ಅಂದರೆ ಕಂಪನಿಯ ತಪ್ಪನ್ನು ಒಳಗಿನವರು ಹೊರಗೆಡವುವುದರ ಬಗ್ಗೆ, ಇದ್ದದ್ದು ಒಂದೇ ವಾಕ್ಯ: ನಮ್ಮ ಕಂಪನಿ ವಿಷಲ್‌ಬ್ಲೋವಿಂಗ್ ನೀತಿಯನ್ನು ಹೊಂದಿದೆ. ಆ ನೀತಿ ಎಲ್ಲಿದೆ, ದೂರು ಯಾರ ಕೈಗೆ ಹೋಗುತ್ತದೆ, ಹೆಸರು ಹೇಳಲೇಬೇಕಾ, ಶರಿಯಾ ನಿಯಮದ ತಪ್ಪೂ ಇದರಲ್ಲಿ ಸೇರುತ್ತಾ ಅಥವಾ ಬರೀ ಕಳ್ಳತನ, ಲಂಚ ಮಾತ್ರಾನಾ, ಯಾವುದಕ್ಕೂ ಉತ್ತರ ಇರಲಿಲ್ಲ. ಮಾನವ ಸಂಪನ್ಮೂಲ ವಿಭಾಗದಲ್ಲಿ ಕೇಳಿದರೆ ಯಾಕೆ ಕೇಳ್ತಿದ್ದೀರಿ ಎಂಬ ಪ್ರಶ್ನೆ ಮೊದಲು ಬರುತ್ತದೆ, ಆ ಪ್ರಶ್ನೆ ಬಂದ ಕೂಡಲೇ ಗುಟ್ಟು ಹೋಯಿತು. ಹುಡುಗ ಸುಮ್ಮನಾದ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟ. ತಪ್ಪು ಹೊರಗಿನ ಆಡಿಟರ್‌ಗೆ ಸಿಕ್ಕಿದ್ದು ಅದಾದ ಎಷ್ಟೋ ದಿನಕ್ಕೆ. ಅವನ ಜೊತೆ ನಿಂತು ನಾನೇ ಮೇಲಿನವರಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಬೇರೆ ಕಂಪನಿಗಳಿಗಿಂತ ಇಂಥ ಕಂಪನಿಗಳಲ್ಲಿ ಒಳಗಿನವರ ಮಾತು ಜಾಸ್ತಿ ಮುಖ್ಯ. ಯಾಕೆಂದರೆ ಇಲ್ಲಿ ಸರಿ ತಪ್ಪಿನ ನಡುವಿನ ಗೆರೆ ಎಷ್ಟೋ ಸಲ ಹಣದ ಮೊತ್ತದಲ್ಲಿ ಇರುವುದೇ ಇಲ್ಲ, ಕೆಲಸ ನಡೆದ ಕ್ರಮದಲ್ಲಿ ಇರುತ್ತದೆ. ಮುರಾಬಹಾ ಎಂಬ ಒಪ್ಪಂದವನ್ನೇ ನೋಡಿ. ಗ್ರಾಹಕರಿಗೆ ಒಂದು ಯಂತ್ರ ಬೇಕು, ದುಡ್ಡಿಲ್ಲ. ಹಣಕಾಸು ಸಂಸ್ಥೆ ಆ ಯಂತ್ರವನ್ನು ತಾನು ಕೊಂಡು, ಇಷ್ಟಕ್ಕೆ ಕೊಂಡೆ, ಇಷ್ಟು ಲಾಭ ಇಟ್ಟು ಮಾರುತ್ತೇನೆ ಎಂದು ಬಾಯಿಬಿಟ್ಟು ಹೇಳಿ ಕಂತಿನ ಮೇಲೆ ಕೊಡುತ್ತದೆ. ಇದು ವ್ಯಾಪಾರ, ಹಾಗಾಗಿ ಸರಿ. ಆದರೆ ಸಂಸ್ಥೆ ಮೊದಲು ಆ ವಸ್ತುವಿನ ಒಡೆಯ ಆಗಿರಬೇಕು, ಆಮೇಲೆ ಮಾರಬೇಕು. ಅವಸರದಲ್ಲಿ ಮಾರಾಟದ ಕಾಗದಕ್ಕೆ ಮೊದಲು ಸಹಿ ಹಾಕಿಸಿ, ಖರೀದಿ ಕಾಗದವನ್ನು ಎರಡು ದಿನ ಬಿಟ್ಟು ತಯಾರು ಮಾಡಿ ಹಳೆಯ ತಾರೀಕು ಹಾಕಿದರೆ ಏನಾಯಿತು? ಮೊತ್ತ ಒಂದು ರೂಪಾಯಿಯೂ ಬದಲಾಗಲಿಲ್ಲ. ಗ್ರಾಹಕರಿಗೆ ಗೊತ್ತಾಗಲಿಲ್ಲ. ಆದರೆ ವ್ಯಾಪಾರ ಹೋಗಿ ಬಡ್ಡಿ ಸಾಲ ಆಯಿತು. ಇದು ಗೊತ್ತಿರುವುದು ತಾರೀಕು ಬರೆದ ಗುಮಾಸ್ತನಿಗೆ, ಅವನ ಪಕ್ಕ ಕೂತವನಿಗೆ. ವರ್ಷಕ್ಕೊಮ್ಮೆ ಬಂದು ನಾಲ್ಕು ಕಡತ ಎತ್ತಿ ನೋಡುವ ಆಡಿಟರ್ ಕಣ್ಣಿಗೆ ಇದು ಬೀಳುವುದು ಅದೃಷ್ಟ ಇದ್ದರೆ ಮಾತ್ರ.

ಲೋಹವನ್ನೋ ಪಾಮ್ ಎಣ್ಣೆಯನ್ನೋ ಗ್ರಾಹಕರಿಗೆ ಕಂತಿನ ಮೇಲೆ ಮಾರಿ, ಅವರು ಅದನ್ನು ಬೇರೆಯವರಿಗೆ ಮಾರಿ ನಗದು ಪಡೆಯುವ ತವರ್ರುಕ್ ವ್ಯವಹಾರದಲ್ಲೂ ಹೀಗೇ. ಸರಕು ನಿಜವಾಗಿ ಇತ್ತಾ, ಒಂದೇ ಸರಕನ್ನು ಎರಡು ಸಲ ತೋರಿಸಿದರಾ ಎಂಬುದು ಒಳಗಿನವರಿಗೆ ಮಾತ್ರ ಗೊತ್ತಿರುತ್ತದೆ.

ಪ್ರವಾದಿ ಮುಹಮ್ಮದರ ಬಗ್ಗೆ ಹದೀಸಿನಲ್ಲಿ ಒಂದು ಪ್ರಸಂಗ ಬರುತ್ತದೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹೋಗುವಾಗ ಅವರು ಅದರೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಇದೇನು ಎಂದು ಕೇಳಿದರೆ ಮಳೆ ಬಿತ್ತು ಎಂದ ಮಾರುವವನು. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ, ಮೋಸ ಮಾಡುವವನು ನನ್ನವನಲ್ಲ ಎಂದರು. ನನ್ನ ಪ್ರಕಾರ ಈ ಪತ್ರದ ವಿಷಯವೆಲ್ಲ ಆ ಪ್ರಸಂಗದಲ್ಲಿ ಇದೆ. ಇವತ್ತಿನ ದೊಡ್ಡ ಕಂಪನಿಯ ರಾಶಿಯೊಳಗೆ ಹೊರಗಿನವರು ಕೈ ಹಾಕಲು ಆಗುವುದಿಲ್ಲ. ಒಳಗೆ ಒದ್ದೆ ಇದೆ ಎಂದು ಹೇಳಬಲ್ಲವರು ರಾಶಿ ಹಾಕಿದ ಕೆಲಸಗಾರರೇ.

ಈಗ ಶರಿಯಾ ಪಟ್ಟಿ ಮಾಡುವವರು ಏನು ನೋಡುತ್ತಾರೆ ಎಂದು ಗಮನಿಸಿ. ಮಲೇಷ್ಯಾ ಈ ವಿಷಯದಲ್ಲಿ ಬಹಳ ಮುಂದೆ ಇರುವ ದೇಶ. ಅಲ್ಲಿ ಷೇರುಪೇಟೆಯನ್ನು ನಿಯಂತ್ರಿಸುವ ಸೆಕ್ಯುರಿಟೀಸ್ ಕಮಿಷನ್‌ನ ಶರಿಯಾ ಸಲಹಾ ಮಂಡಳಿ 1997ರಿಂದ ಶರಿಯಾಗೆ ಹೊಂದುವ ಷೇರುಗಳ ಪಟ್ಟಿ ಕೊಡುತ್ತಾ ಬಂದಿದೆ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ. 2013ರಲ್ಲಿ ಜಾರಿಗೆ ತಂದ ಅಳತೆಯ ಪ್ರಕಾರ ಮದ್ಯ, ಜೂಜು, ಬಡ್ಡಿ ಬ್ಯಾಂಕಿಂಗ್ ಥರದ ಕಸುಬಿನಿಂದ ಬರುವ ಪಾಲು 5 ಶೇಕಡಾಕ್ಕಿಂತ ಕಡಿಮೆ ಇರಬೇಕು, ಇನ್ನು ಕೆಲವಕ್ಕೆ 20 ಶೇಕಡಾ. ಬಡ್ಡಿ ಸಾಲ, ಬಡ್ಡಿ ಖಾತೆಯಲ್ಲಿಟ್ಟ ನಗದು ಒಂದೊಂದೂ ಒಟ್ಟು ಆಸ್ತಿಯ 33 ಶೇಕಡಾಕ್ಕಿಂತ ಕಡಿಮೆ ಇರಬೇಕು. ಬಹರೇನ್‌ನಲ್ಲಿರುವ ಆಯೋಫಿ ಎಂಬ, ಇಸ್ಲಾಮಿಕ್ ಹಣಕಾಸಿಗೆ ನಿಯಮ ಬರೆಯುವ ಸಂಸ್ಥೆಯ ಮಾನದಂಡದಲ್ಲಿ ಬಡ್ಡಿ ಸಾಲಕ್ಕೆ 30 ಶೇಕಡಾ ಮಿತಿ. ಈ ಅಳತೆಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಇವು ಇಲ್ಲದಿದ್ದರೆ ಸಾಮಾನ್ಯ ಹೂಡಿಕೆದಾರರಿಗೆ ದಾರಿಯೇ ಇರುತ್ತಿರಲಿಲ್ಲ. ಆದರೆ ಈ ಅಂಕಿಗಳೆಲ್ಲ ಬರುವುದು ಕಂಪನಿಯೇ ಬರೆದ ಲೆಕ್ಕದಿಂದ. ಆ ಲೆಕ್ಕ ತಪ್ಪು ಎಂದು ಒಳಗಿನವರೊಬ್ಬರು ಹೇಳಲು ಹೊರಟರೆ ಅವರಿಗೆ ದಾರಿ ಇದೆಯಾ ಎಂಬ ಪ್ರಶ್ನೆ ಈ ಅಳತೆಯಲ್ಲಿ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿರುವ ಕಂಪನಿಗಳೆಲ್ಲ ಮುಸ್ಲಿಮರದ್ದು ಎಂದು ಅನೇಕರು ಅಂದುಕೊಂಡಿದ್ದಾರೆ. ಹಾಗಿಲ್ಲ. ಸಾಫ್ಟ್‌ವೇರ್, ಔಷಧಿ, ಕಟ್ಟಡ ನಿರ್ಮಾಣ ಹೀಗೆ ಯಾವ ಕಸುಬಿನ ಯಾರದ್ದೇ ಕಂಪನಿ ಇದ್ದರೂ ಅಂಕಿಗಳು ಹೊಂದಿದರೆ ಪಟ್ಟಿಗೆ ಸೇರುತ್ತದೆ. ಅಂಥ ಕಂಪನಿ ತಾನಾಗಿ ಏನನ್ನೂ ಸಾರಿಕೊಂಡಿಲ್ಲ, ಹೆಸರು ಹೊರಗಿನವರು ಕೊಟ್ಟದ್ದು. ಹಾಗಾಗಿ ಅವರ ಮೇಲೆ ಧರ್ಮದ ಮಾತು ಹೇರುವುದು ಸರಿಯಲ್ಲ. ಅಲ್ಲಿ ಕೇಳಬೇಕಾದವರು ಪಟ್ಟಿ ಮಾಡುವವರು. ಆದರೆ ಇಸ್ಲಾಮಿಕ್ ಬ್ಯಾಂಕ್, ತಕಾಫುಲ್ ವಿಮೆ ಕಂಪನಿ, ಇಸ್ಲಾಮಿಕ್ ಫಂಡ್ ಎಂದು ಬೋರ್ಡ್ ಹಾಕಿಕೊಂಡು ಅದೇ ನಂಬಿಕೆಯ ಮೇಲೆ ಗ್ರಾಹಕರನ್ನು ಕರೆಯುವವರ ವಿಷಯ ಬೇರೆ. ಅವರಿಗೆ ನಾನು ಅವರ ಮಾತಿನಲ್ಲೇ ಕೇಳುತ್ತೇನೆ.

ಅವರ ವಾರ್ಷಿಕ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಪದ ಅಮಾನತ್. ನಂಬಿ ಒಪ್ಪಿಸಿದ್ದನ್ನು ಹಾಗೇ ಕಾಯುವುದು ಎಂದು ಅರ್ಥ. ಕನ್ನಡಕ್ಕೂ ಅದೇ ಪದ ಬಂದಿದೆ, ಠೇವಣಿ ಎಂಬ ಅರ್ಥದಲ್ಲೂ ಇದೆ, ಕೆಲಸದಿಂದ ತಡೆದು ನಿಲ್ಲಿಸುವುದು ಎಂಬ ಅರ್ಥದಲ್ಲೂ ಇದೆ. ತಪ್ಪು ಹೇಳಲು ಬಂದ ನೌಕರರಿಗೆ ಎರಡನೆಯ ಅರ್ಥವೇ ಸಿಗುವ ಹಾಗೆ ಆಗಬಾರದು, ಅಲ್ವಾ?

ಧರ್ಮದ ಕಡೆಯಿಂದ ಬರುವ ಒಂದು ಅಡ್ಡಿಯನ್ನು ನಾನು ಒಳಗಿದ್ದಾಗ ತುಂಬಾ ಸಲ ಕೇಳಿದ್ದೇನೆ. ಇನ್ನೊಬ್ಬರ ಬೆನ್ನ ಹಿಂದೆ ಅವರ ತಪ್ಪು ಹೇಳುವುದು ಗೀಬತ್, ಅದು ಪಾಪ. ಕುರ್‌ಆನಿನ 49ನೇ ಅಧ್ಯಾಯದ 12ನೇ ವಚನದಲ್ಲಿ ಅನುಮಾನ, ಗೂಢಚರ್ಯೆ, ಗೀಬತ್ ಮೂರನ್ನೂ ಬೇಡ ಎಂದಿದೆ. ಇನ್ನೊಬ್ಬರ ದೋಷವನ್ನು ಮುಚ್ಚುವುದು ಪುಣ್ಯ ಎಂಬ ಬೋಧನೆಯೂ ಇದೆ. ಹೀಗಿರುವಾಗ ದೂರು ಕೊಡುವುದು ಹೇಗೆ ಸರಿ ಎಂದು ಪ್ರಾಮಾಣಿಕವಾಗಿ ಹೆದರುವ ನೌಕರರು ಇದ್ದಾರೆ. ಅವರ ಹೆದರಿಕೆ ಸುಳ್ಳಲ್ಲ, ಅದನ್ನು ಗೌರವದಿಂದಲೇ ಬಿಡಿಸಬೇಕು. ನಮ್ಮಲ್ಲೂ ಚಾಡಿ ಎಂಬ ಒಂದೇ ಪದದಿಂದ ಎಷ್ಟೋ ಬಾಯಿ ಮುಚ್ಚಿಸಿದ್ದೇವೆ.

ಆದರೆ ಅದೇ ಪರಂಪರೆಯಲ್ಲಿ ಉತ್ತರ ಇದೆ. 13ನೇ ಶತಮಾನದ ವಿದ್ವಾಂಸ ಇಮಾಮ್ ನವವಿ ಯಾವ ಸಂದರ್ಭಗಳಲ್ಲಿ ಇನ್ನೊಬ್ಬರ ತಪ್ಪು ಹೇಳುವುದು ಗೀಬತ್ ಆಗುವುದಿಲ್ಲ ಎಂದು 6 ಸಂದರ್ಭ ಕೊಟ್ಟಿದ್ದಾರೆ. ಅನ್ಯಾಯಕ್ಕೆ ಒಳಗಾದವರು ಅಧಿಕಾರ ಇರುವವರ ಮುಂದೆ ದೂರುವುದು, ತಪ್ಪನ್ನು ತಡೆಯಲು ಸಹಾಯ ಕೇಳುವುದು, ಜನರನ್ನು ಹಾನಿಯಿಂದ ಎಚ್ಚರಿಸುವುದು ಅದರಲ್ಲಿ ಸೇರಿವೆ. ಕುರ್‌ಆನಿನ 4ನೇ ಅಧ್ಯಾಯದ 135ನೇ ವಚನ ನಿಮ್ಮ ವಿರುದ್ಧವೇ ಆಗಲಿ, ತಂದೆ ತಾಯಿ, ನೆಂಟರ ವಿರುದ್ಧವೇ ಆಗಲಿ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ ಎನ್ನುತ್ತದೆ. ಮೇಲಧಿಕಾರಿ ನೆಂಟರಿಗಿಂತ ಹತ್ತಿರದವರೇನಲ್ಲ. ಎರಡನೇ ಅಧ್ಯಾಯದಲ್ಲಿ, ಸಾಲವನ್ನು ಬರೆದಿಡಿ ಎಂದು ಹೇಳುವ ಆ ಉದ್ದ ವಚನದ ಮರುವಚನದಲ್ಲೇ, ಸಾಕ್ಷಿಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟವರ ಹೃದಯ ಪಾಪಿ ಎಂದಿದೆ. ಲೆಕ್ಕಪತ್ರದ ಮಾತು, ಸಾಕ್ಷಿಯ ಮಾತು ಎರಡೂ ಅಕ್ಕಪಕ್ಕ ಬಂದಿರುವುದು ನನ್ನಂಥ ಲೆಕ್ಕದವರಿಗೆ ತುಂಬಾ ಹಿಡಿಸಿದ ವಿಷಯ.

ದೂರು ಬಂದ ಕೂಡಲೇ ನಂಬಬೇಕು ಎಂದೂ ಇಲ್ಲ. 49ನೇ ಅಧ್ಯಾಯದ 6ನೇ ವಚನ, ನಂಬಿಕೆಗೆ ತಕ್ಕವನಲ್ಲದವನು ಸುದ್ದಿ ತಂದರೆ ಮೊದಲು ಪರೀಕ್ಷಿಸಿ, ತಿಳಿಯದೆ ಯಾರಿಗಾದರೂ ಕೆಡುಕು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎನ್ನುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೂ ಹೇಳಿದ್ದು ಇದನ್ನೇ. ಒಳ್ಳೆಯ ವಿಷಲ್‌ಬ್ಲೋವಿಂಗ್ ನೀತಿಯಲ್ಲಿ ಇರುವುದೂ ಇಷ್ಟೇ ತಾನೇ: ಹೇಳಲು ಒಂದು ಬಾಗಿಲು, ಹೇಳಿದವರಿಗೆ ರಕ್ಷಣೆ, ಆರೋಪಕ್ಕೆ ಒಳಗಾದವರ ಮಾನಕ್ಕೂ ರಕ್ಷಣೆ, ನಡುವೆ ಪ್ರಾಮಾಣಿಕ ಪರೀಕ್ಷೆ. ಇದು ಹೊರಗಿನಿಂದ ತಂದು ಅಂಟಿಸಿದ ಪದ್ಧತಿ ಎಂದು ಹೇಳುವವರಿಗೆ ಹಿಸ್ಬಾ, ಅಂದರೆ ಹಳೆಯ ಮುಸ್ಲಿಂ ಸಮಾಜಗಳ ಮೇಲ್ವಿಚಾರಣೆಯ ಪದ್ಧತಿ, ನೆನಪಿಸಬೇಕು. ಮಾರುಕಟ್ಟೆಯ ತೂಕ, ಅಳತೆ, ಮೋಸ ನೋಡಿಕೊಳ್ಳಲು ಮುಹ್ತಸಿಬ್ ಎಂಬ ಅಧಿಕಾರಿಯನ್ನು ಇಟ್ಟ ಸಮಾಜಗಳು ಅವು.

ಕಾನೂನು ಏನು ಹೇಳುತ್ತದೆ ಎಂದು ಬೇಗ ಹೇಳಿ ಮುಂದೆ ಹೋಗುತ್ತೇನೆ. ಮಲೇಷ್ಯಾದ ಷೇರುಪೇಟೆ ಬುರ್ಸಾ ಮಲೇಷ್ಯಾ, 2020ರ ಜೂನ್ 1ರಿಂದ ಪಟ್ಟಿಯಾದ ಕಂಪನಿಗಳೆಲ್ಲ ವಿಷಲ್‌ಬ್ಲೋವಿಂಗ್ ನೀತಿ ಮಾಡಿ ಅದನ್ನು ವೆಬ್‌ಸೈಟ್‌ನಲ್ಲಿ ಹಾಕಬೇಕು ಎಂದು ನಿಯಮ ತಂದಿತು. ಕಂಪನಿಯ ಪರವಾಗಿ ಯಾರಾದರೂ ಲಂಚ ಕೊಟ್ಟರೆ ಕಂಪನಿಯೇ ಹೊಣೆ ಎನ್ನುವ ಕಾನೂನು ಜಾರಿಗೆ ಬಂದದ್ದೂ ಅದೇ ದಿನ. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಪಟ್ಟಿಯಾದ ಕಂಪನಿಗಳಲ್ಲಿ ವಿಜಿಲ್ ವ್ಯವಸ್ಥೆ, ಅಂದರೆ ತಪ್ಪು ಕಂಡವರು ಹೇಳಲು ದಾರಿ, ಇರಬೇಕು, ಅದರ ವಿವರ ವೆಬ್‌ಸೈಟ್‌ನಲ್ಲೂ ಮಂಡಳಿಯ ವರದಿಯಲ್ಲೂ ಇರಬೇಕು, ಅಗತ್ಯ ಬಿದ್ದಾಗ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ಕಾಣಲು ದಾರಿ ಇರಬೇಕು. ಯುರೋಪ್ ಒಕ್ಕೂಟದ 2019ರ ನಿರ್ದೇಶನ ಇನ್ನೂ ಬಿಗಿ. ದೂರು ಸಿಕ್ಕಿತು ಎಂದು 7 ದಿನದಲ್ಲಿ ತಿಳಿಸಬೇಕು, ಏನು ಮಾಡಿದೆವು ಎಂದು 3 ತಿಂಗಳಲ್ಲಿ ಹೇಳಬೇಕು.

ಇಷ್ಟೆಲ್ಲ ಇದ್ದೂ ರಂಧ್ರಗಳು ಉಳಿಯುತ್ತವೆ. ಮಲೇಷ್ಯಾದ 2010ರ ವಿಷಲ್‌ಬ್ಲೋವರ್ ರಕ್ಷಣಾ ಕಾಯ್ದೆ ಮೂಲದಲ್ಲಿ ಬರೆದ ರೀತಿ ನೋಡಿ. ರಕ್ಷಣೆ ಸಿಗಬೇಕಾದರೆ ಸರ್ಕಾರಿ ತನಿಖಾ ಸಂಸ್ಥೆಗೆ ಹೇಳಬೇಕು. ಅದೂ ಬೇರೆ ಯಾವ ಕಾನೂನೂ ಆ ಮಾಹಿತಿ ಹೊರಗೆ ಹಾಕಬಾರದು ಎಂದು ತಡೆದಿರಬಾರದು ಎಂದಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಗ್ರಾಹಕರ ಗುಟ್ಟು ಕಾಯುವ ಕಾನೂನು ಮೊದಲೇ ಕೈ ಕಟ್ಟಿರುತ್ತಿತ್ತು. ಕಂಪನಿಯೊಳಗಿನ ದೂರು ಪೆಟ್ಟಿಗೆಗೆ ಹಾಕಿದವರಿಗೆ ಆ ಕಾಯ್ದೆಯ ನೆರಳು ಇಲ್ಲ, ಕಂಪನಿ ತಾನೇ ಬರೆದ ನೀತಿಯೇ ಅವರಿಗಿರುವ ಆಸರೆ. ಹೀಗಿದ್ದಾಗ ಆ ನೀತಿಯಲ್ಲಿ ಏನಿದೆ ಎಂದು ಮೊದಲೇ ಓದಲು ಸಿಗುವುದು ಎಷ್ಟು ಮುಖ್ಯ ಎಂದು ಯೋಚಿಸಿ. ನೀತಿ ಕಪಾಟಿನಲ್ಲಿದ್ದರೆ ಆ ನೌಕರರ ಪಾಲಿಗೆ ಅದು ಇಲ್ಲದ ಹಾಗೆಯೇ.

ನಾನು ಈಚೆಗೆ ಬಿಡುವಿನಲ್ಲಿ ಇಂಥ ಕಂಪನಿಗಳ ನೀತಿಗಳನ್ನು ಒಂದೊಂದಾಗಿ ಓದುತ್ತಾ ಬಂದಿದ್ದೇನೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಹಲವು ಕಡೆ ಒಂದೇ ಕಾಗದವನ್ನು ಎಲ್ಲರೂ ನಕಲು ಮಾಡಿದ ಹಾಗೆ ಕಾಣುತ್ತದೆ. ಸುಳ್ಳು ದೂರು ಕೊಟ್ಟರೆ ಶಿಸ್ತು ಕ್ರಮ ಎಂಬ ಮಾತು ಮೂರು ಕಡೆ, ದೂರು ಕೊಟ್ಟವರಿಗೆ ಕಿರುಕುಳ ಕೊಟ್ಟರೆ ಏನು ಶಿಕ್ಷೆ ಎಂಬ ಮಾತು ಎಲ್ಲೂ ಇಲ್ಲ. ದೂರನ್ನು ಮುಖ್ಯ ಕಾರ್ಯನಿರ್ವಾಹಕರಿಗೆ ಕಳಿಸಿ ಎಂದಿರುತ್ತದೆ, ದೂರು ಅವರ ಮೇಲೆಯೇ ಇದ್ದರೆ ಎಲ್ಲಿಗೆ ಎಂದು ಇರುವುದಿಲ್ಲ. ಹೆಸರಿಲ್ಲದ ದೂರನ್ನು ನೋಡುವುದಿಲ್ಲ ಎಂದು ಬರೆದವರೂ ಇದ್ದಾರೆ. ಹೆಸರು ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿ ನಿಂತವರಿಗೆ ಆ ಒಂದು ಸಾಲು ಸಾಕು, ಬಾಗಿಲು ಹಾಕಿದ ಹಾಗೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೊರತೆ. ಶರಿಯಾ ನಿಯಮ ಮುರಿದದ್ದು ದೂರಿನ ವಿಷಯ ಆಗಬಹುದು ಎಂದು ಆ ನೀತಿಗಳಲ್ಲಿ ಹೇಳಿರುವುದೇ ಕಡಿಮೆ. ಲಂಚ, ಕಳ್ಳತನ, ನಕಲಿ ಬಿಲ್, ಕಿರುಕುಳ ಎಲ್ಲಾ ಇವೆ, ಕಂಪನಿಗೆ ಆ ಹೆಸರು ತಂದುಕೊಟ್ಟ ವಿಷಯವೇ ಇಲ್ಲ. ಹಾಗೆಯೇ ವ್ಯವಹಾರ ಶರಿಯಾಗೆ ಹೊಂದುತ್ತದೆಯೇ ಎಂದು ನೋಡುವ ಕಂಪನಿಯ ಶರಿಯಾ ಸಮಿತಿಗೆ ನೌಕರರು ನೇರವಾಗಿ ಬರೆಯಬಹುದಾ? ಆ ಸಮಿತಿಯ ವಿದ್ವಾಂಸರಿಗೆ ಸಂಭಾವನೆ ಕೊಡುವುದು ಕಂಪನಿಯೇ, ಅವರ ಮುಂದೆ ಬರುವ ಕಾಗದವನ್ನು ಆರಿಸಿ ಕೊಡುವುದೂ ಕಂಪನಿಯೇ. ಅವರು ಎಷ್ಟೇ ಸಜ್ಜನರಿರಲಿ, ತೋರಿಸಿದ್ದನ್ನು ಮಾತ್ರ ನೋಡಬಲ್ಲರು. ತಾರೀಕು ತಿದ್ದಿದ ಗುಮಾಸ್ತನ ಮಾತು ಅವರ ತನಕ ಹೋಗುವ ಒಂದು ದಾರಿ ಬೇಕೇ ಬೇಕು.

ಮಲೇಷ್ಯಾದ 2013ರ ಇಸ್ಲಾಮಿಕ್ ಹಣಕಾಸು ಸೇವೆಗಳ ಕಾಯ್ದೆಯಲ್ಲಿ ಶರಿಯಾ ತಪ್ಪು ಗೊತ್ತಾದ ಕೂಡಲೇ ಸಂಸ್ಥೆಯೇ ಕೇಂದ್ರ ಬ್ಯಾಂಕಿಗೆ ತಿಳಿಸಬೇಕು, 30 ದಿನದಲ್ಲಿ ಸರಿಪಡಿಸುವ ಯೋಜನೆ ಕೊಡಬೇಕು. ನಿಯಮ ಮೀರಿದರೆ 8 ವರ್ಷದ ತನಕ ಜೈಲು ಅಥವಾ 25 ಮಿಲಿಯನ್ ರಿಂಗಿಟ್ ತನಕ ದಂಡ, ಇಲ್ಲಾ ಎರಡೂ. ಕಾನೂನು ಇದನ್ನು ಅಷ್ಟು ಗಂಭೀರವಾಗಿ ನೋಡಿದೆ. ಆದರೆ ಸಂಸ್ಥೆಗೆ ಗೊತ್ತಾಗುವುದು ಹೇಗೆ? ಯಾರೋ ಒಬ್ಬ ನೌಕರರು ಬಾಯಿ ಬಿಡಬೇಕು. ಅಲ್ಲಿಗೆ ಮಾತು ಮತ್ತೆ ಅದೇ ಬಾಗಿಲಿಗೆ ಬಂತು.

ಬಾಯಿ ಬಿಟ್ಟರೆ ಉಪಯೋಗ ಇದೆ ಎನ್ನಲು ಲೆಕ್ಕವೂ ಇದೆ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇ ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತದೆ. 2024ರ ವರದಿಯಲ್ಲಿ 43 ಶೇಕಡಾ ವಂಚನೆಗಳು ಹೊರಬಂದದ್ದು ಯಾರೋ ಕೊಟ್ಟ ಸುಳಿವಿನಿಂದ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಳಿವು ಕೊಟ್ಟವರು ನೌಕರರೇ. ಉಳಿದವರಲ್ಲಿ ಗ್ರಾಹಕರು, ಸರಕು ಕೊಡುವವರು ಇದ್ದಾರೆ. ಅದಕ್ಕೇ ನೀತಿ ನೌಕರರ ಒಳ ಜಾಲತಾಣದಲ್ಲಿ ಇದ್ದರೆ ಸಾಲದು, ಹೊರಗಿನವರಿಗೂ ಸಿಗಬೇಕು, ಕೆಲಸದವರು ಮಾತಾಡುವ ಭಾಷೆಯಲ್ಲೂ ಇರಬೇಕು.

ಹೀಗೆಲ್ಲ ಬಿಚ್ಚಿಟ್ಟರೆ ಕಂಪನಿಯ ಮಾನ ಹೋಗುತ್ತದೆ, ಸಮುದಾಯದ ಮಾನ ಹೋಗುತ್ತದೆ, ಫಿತ್ನಾ, ಅಂದರೆ ಜನರ ನಡುವೆ ಒಡಕು, ಆಗುತ್ತದೆ ಎಂದು ನನಗೆ ಹಿರಿಯರೊಬ್ಬರು ಹೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಒಂದು ಹಲಾಲ್ ಹೆಸರಿನ ಸಂಸ್ಥೆ ಮುಳುಗಿದಾಗ ಬೇರೆಯವರು ಆಡಿಕೊಳ್ಳುವುದು ಎಷ್ಟು ನೋವು ಕೊಡುತ್ತದೆ ಎಂದು ನೋಡಿದ್ದೇನೆ. ಆದರೆ ಮುಚ್ಚಿಟ್ಟಷ್ಟು ದಿನವೂ ನಷ್ಟ ಬೆಳೆಯುತ್ತದೆ, ಅದನ್ನು ಹೊರುವವರು ದಾನದ ಹಣ, ಹಜ್ಜಿಗೆಂದು ಕೂಡಿಟ್ಟ ಹಣ, ಮಗಳ ಓದಿಗೆಂದು ಇಟ್ಟ ಹಣವನ್ನು ಆ ಹೆಸರು ನೋಡಿ ಕೊಟ್ಟವರು. ತುರ್ಕಿಯಲ್ಲಿ ಬಡ್ಡಿ ಇಲ್ಲದ ಹಣಕಾಸಿನ ದೊಡ್ಡ ಸಂಸ್ಥೆಯಾಗಿದ್ದ ಇಹ್ಲಾಸ್ ಫೈನಾನ್ಸ್‌ನ ಪರವಾನಗಿ 2001ರ ಫೆಬ್ರವರಿಯಲ್ಲಿ ರದ್ದಾಯಿತು. ಹೆಸರು ನಂಬಿ ಹಣ ಇಟ್ಟವರು ಅದನ್ನು ವಾಪಸು ಪಡೆಯಲು ವರ್ಷಗಟ್ಟಲೆ ಕಾಯಬೇಕಾಯಿತು. ಒಳಗಿನ ಒಂದು ಪತ್ರ ಸರಿಯಾದ ಕೈಗೆ ಸಿಕ್ಕಿ ತಪ್ಪು ಸಣ್ಣದಿರುವಾಗಲೇ ಸರಿಹೋದರೆ ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಶರಿಯಾ ಪಟ್ಟಿ ಮಾಡುವ ಮಂಡಳಿಗಳು 5 ಶೇಕಡಾ, 33 ಶೇಕಡಾದ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಲಿ: ಈ ಕಂಪನಿಯ ವಿಷಲ್‌ಬ್ಲೋವಿಂಗ್ ನೀತಿ ಪೂರ್ತಿಯಾಗಿ ಹೊರಗೆ ಸಿಗುತ್ತದೆಯೋ ಇಲ್ಲವೋ. ಇಸ್ಲಾಮಿಕ್ ಎಂದು ಹೆಸರಿಟ್ಟುಕೊಂಡ ಕಂಪನಿಗಳು ವಾರ್ಷಿಕ ವರದಿಯಲ್ಲಿ ಆ ವರ್ಷ ಎಷ್ಟು ದೂರು ಬಂತು, ಎಷ್ಟು ಶರಿಯಾ ವಿಷಯದ್ದು, ಎಷ್ಟು ತನಿಖೆ ಮುಗಿಯಿತು, ದೂರು ಕೊಟ್ಟವರಲ್ಲಿ ಎಷ್ಟು ಜನ ಇನ್ನೂ ಕೆಲಸದಲ್ಲಿದ್ದಾರೆ ಎಂದು ಹೆಸರಿಲ್ಲದೆ ಬರೀ ಸಂಖ್ಯೆ ಕೊಡಲಿ. ಒಂದೂ ದೂರು ಬರಲಿಲ್ಲ ಎಂದು ಬರೆಯುವ ಕಂಪನಿ ತನ್ನ ನೌಕರರಿಗೆ ಆ ನೀತಿ ಗೊತ್ತಿದೆಯಾ ಎಂದು ಕೇಳಿ ನೋಡಿದ್ದನ್ನೂ ಬರೆಯಲಿ, ಏಕೆಂದರೆ ಸೊನ್ನೆ ಎರಡು ಕಾರಣಕ್ಕೆ ಬರುತ್ತದೆ. ತಪ್ಪು ಇಲ್ಲದೆಯೂ ಬರಬಹುದು, ಬಾಗಿಲು ಇಲ್ಲದೆಯೂ ಬರಬಹುದು.

ಇಂಥ ಫಂಡ್‌ಗಳಲ್ಲಿ, ಷೇರುಗಳಲ್ಲಿ ಹಣ ಇಟ್ಟ ಓದುಗರಿಗೂ ಒಂದು ಮಾತು. ವಾರ್ಷಿಕ ಸಭೆಗೆ ಹೋಗುವ, ಪ್ರಶ್ನೆ ಕೇಳುವ ಹಕ್ಕು ಷೇರುದಾರರಿಗಿದೆ, ಫಂಡ್‌ನಲ್ಲಿ ಇಟ್ಟವರು ಫಂಡ್ ಮ್ಯಾನೇಜರ್‌ಗೆ ಪತ್ರ ಬರೆಯಬಹುದು. ನನ್ನ ಹತ್ತಿರವೂ ಒಂದಷ್ಟು ಷೇರು ಇವೆ. ಈ ವರ್ಷದ ಸಭೆಗೆ ಪ್ರಶ್ನೆ ಬರೆದು ಕಳಿಸಿದ್ದೇನೆ: ತಡಪಾವತಿ ದಂಡದ ಹಣ ತಪ್ಪು ಖಾತೆಗೆ ಹೋಗುತ್ತಿದೆ ಎಂದು ನಿಮ್ಮ ಲೆಕ್ಕ ವಿಭಾಗದ ಒಬ್ಬ ಕಿರಿಯ ನೌಕರನಿಗೆ ಇವತ್ತು ಗೊತ್ತಾದರೆ, ಅವನು ಯಾವ ನಂಬರಿಗೆ ಫೋನ್ ಮಾಡಬೇಕು, ಆ ಫೋನ್ ಎತ್ತುವವರು ಯಾರು? ಉತ್ತರ ಬಂದರೆ ನಿಮಗೂ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ, ಒಬ್ಬ ಹಳೆಯ ಲೆಕ್ಕಪರಿಶೋಧಕ